ಶೋಗ್ರೆನ್ ಅನುಮಾನ: ರಕ್ತ ಪರೀಕ್ಷೆಯಾ, ತುಟಿಯ ಬಯಾಪ್ಸಿಯಾ?

ಬಾಯಿ, ಕಣ್ಣು ಸದಾ ಒಣಗುತ್ತವೆ, ಡಾಕ್ಟರ್ ಶೋಗ್ರೆನ್ (ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇರಬಹುದು ಅಂದಿದ್ದಾರೆ, ಯಾವ ಪರೀಕ್ಷೆ ಒಳ್ಳೇದು ಅಂತ ಕೇಳಿದ್ದೀರಿ.

ಸುಲಭ, ಅಗ್ಗ ಅಂದರೆ ರಕ್ತದಲ್ಲಿ ಈ ಕಾಯಿಲೆಯ ಗುರುತಾದ ರೋ ಆ್ಯಂಟಿಬಾಡಿ ನೋಡುವುದು. 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದಕ್ಕೆ 3 ಅಂಕ, ಬಯಾಪ್ಸಿಗೂ (ಚೂರು ತೆಗೆದು ಪರೀಕ್ಷಿಸುವುದು) 3. ಶೋಗ್ರೆನ್ ಅನ್ನಲು ಒಟ್ಟು 4 ಬೇಕು. ರೋ ಪಾಸಿಟಿವ್ ಇದ್ದು ಕಣ್ಣೀರೂ ಕಮ್ಮಿ ಇದ್ದರೆ 1 ಸೇರಿ ಲೆಕ್ಕ ಮುಗಿಯಿತು. ಸುಮ್ನೆ ತುಟಿ ಕೊಯ್ಯಿಸುವುದು ಯಾಕೆ, ಅಲ್ವಾ?

ರೋ ನೆಗೆಟಿವ್ ಬಂದೂ ಅನುಮಾನ ಉಳಿದರೆ ಬಯಾಪ್ಸಿಗೆ ಬೆಲೆ ಜಾಸ್ತಿ. ಕೆಳತುಟಿಯ ಒಳಗೆ ಮರಗಟ್ಟಿಸಿ, ಚಿಕ್ಕದಾಗಿ ಕೊಯ್ದು, ನಾಲ್ಕಾರು ಪುಟ್ಟ ಜೊಲ್ಲುಗ್ರಂಥಿ ತೆಗೆಯುತ್ತಾರೆ. ಬಯಾಪ್ಸಿ ಪಾಸಿಟಿವ್ ಅನ್ನಲು 50ಕ್ಕಿಂತ ಕಮ್ಮಿ ಇಲ್ಲದ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ಒಂದು ಗುಂಪಾದರೂ 4 ಚದರ ಮಿಲಿಮೀಟರ್‌ಗೆ ಸಿಗಬೇಕು. ನೋವು ಬೇಗ ಹೋಗುತ್ತದೆ. ಆದರೆ ಕೆಲವರಿಗೆ ತುಟಿ ಜೋಮು ತಿಂಗಳುಗಟ್ಟಲೆ ಇರುತ್ತದೆ, ಅಪರೂಪಕ್ಕೆ ಹೋಗುವುದೇ ಇಲ್ಲ. ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಇದರ ಅನುಭವ ಇದೆಯಾ ಅಂತ ಮೊದಲೇ ವಿಚಾರಿಸಿ.

ಜೊಲ್ಲುಗ್ರಂಥಿಯ ಅಲ್ಟ್ರಾಸೌಂಡ್‌ಗೆ ಸೂಜಿ, ಕತ್ತರಿ ಬೇಡ. ಆದರೆ ಆ ಮಾನದಂಡದಲ್ಲಿ ಅದಕ್ಕೆ ಅಂಕವಿಲ್ಲ.

ಕಿವಿ ಕೆಳಗಿನ ಗ್ರಂಥಿ ಊದಿ ಇಳಿಯದೇ ಇದ್ದರೆ ಮಾತು ಬೇರೆ. ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಅಲ್ಲ ಅಂತ ಖಚಿತವಾಗಲು ಆ ಗ್ರಂಥಿಯ ಚೂರೇ ಬೇಕಾಗಬಹುದು.