‘ಊರ ಹಂದಿ’ ಎಂದು ಕೊಟ್ಟ ಮಾಂಸದಲ್ಲಿ ಚೋರಿಸ್ ಕಟ್ಟುವ ಮುನ್ನ ಕೊಬ್ಬು ಮುಟ್ಟಿ ನೋಡಿ

ಗೋವಾದ ಮಡಗಾಂವ್ ಕಡೆಯ ಕೆಲವು ಕನ್ನಡ ಮನೆಗಳವರು ಈ ಬೇಸಿಗೆಯಲ್ಲಿ ಸೇರಿಕೊಂಡು ಚೋರಿಸ್‌ಗೆಂದು (ಸರವಾಗಿ ಕಟ್ಟಿ ಒಣಗಿಸುವ ಗೋವಾದ ಹಂದಿಮಾಂಸದ ಸಾಸೇಜ್) 20 ಕಿಲೊ ಹಂದಿಮಾಂಸ ತರಿಸಿದ್ದರು. ಮಾರಿದವನು ಹೇಳಿದ್ದು ಊರ ಕರಿ ಹಂದಿ ಎಂದು, ತೆಗೆದುಕೊಂಡಿದ್ದೂ ಅದರದೇ ದರ. ಉಪ್ಪು, ವಿನೆಗರ್, ಮೆಣಸಿನಕಾಯಿ ಎಲ್ಲವೂ ಸರಿಯಾಗಿಯೇ ಬಿದ್ದಿದ್ದವು. ಆದರೂ ಬಿಸಿಲಿಗೆ ಹಾಕಿದ ಸರಗಳಿಂದ ಎಣ್ಣೆ ತೊಟ್ಟಿಕ್ಕಿತು, ಕೆಳಗೆ ಹಾಸಿದ ಪೇಪರು ನೆನೆದುಹೋಯಿತು. ಮಳೆ ಹಿಡಿಯುವ ಹೊತ್ತಿಗೆ ಕಮಟು ವಾಸನೆ. ಅಷ್ಟನ್ನೂ ಎಸೆದರು.

ಫ್ರೀಜರಿನಲ್ಲಿ ಉಳಿದಿದ್ದ ಒಂದು ತುಂಡಿನಲ್ಲಿ ಕಾರಣ ಕಾಣುತ್ತಿತ್ತು. ಚರ್ಮದೊಳಗಿನ ಕೂದಲ ಬುಡ ಬಿಳಿ, ಅಂದರೆ ಅದು ಕರಿ ಹಂದಿಯಲ್ಲ. ಬೆನ್ನಿನ ಕೊಬ್ಬು ಒಂದೂವರೆ ಸೆಂಟಿಮೀಟರೂ ಇಲ್ಲ, ಬಣ್ಣ ಮಾಸಲು ಹಳದಿ, ಎಳೆದರೆ ಮಾಂಸದಿಂದ ಪದರವಾಗಿ ಬಿಟ್ಟುಬರುತ್ತಿತ್ತು.

ಲಾರ್ಜ್ ವೈಟ್ ಯಾರ್ಕ್‌ಶೈರ್, ಲ್ಯಾಂಡ್‌ರೇಸ್‌ನಂಥ ಬಿಳಿ ಹಂದಿ ತಳಿಗಳನ್ನು ಬೆಳೆಸಿರುವುದೇ ಕೊಬ್ಬು ಕಮ್ಮಿ, ಮಾಂಸ ಜಾಸ್ತಿ ಬರಲಿ ಎಂದು. ಹಂದಿ ಪಿಷ್ಟ ತಿಂದು ತಾನೇ ತಯಾರಿಸುವ ಕೊಬ್ಬು ಗಟ್ಟಿ. ಮೇವಿನ ಎಣ್ಣೆಯಿಂದ ಬರುವ, ಕೊಬ್ಬನ್ನು ಮೆತ್ತಗೆ ಮಾಡುವ ಲಿನೋಲಿಕ್ ಎಂಬ ಕೊಬ್ಬಿನಾಮ್ಲವನ್ನು ಹಂದಿ ತಯಾರಿಸಲಾರದು, ತಿಂದಷ್ಟು ಹಾಗೇ ಕೊಬ್ಬಿಗೆ ಸೇರುತ್ತದೆ. ಕೊಬ್ಬು ದಪ್ಪವಿದ್ದರೆ ಲಿನೋಲಿಕ್‌ನ ಪಾಲು ಸಣ್ಣದಾಗುತ್ತದೆ; ತೆಳುವಿದ್ದರೆ ಏರುತ್ತದೆ. ಒಟ್ಟು ಕೊಬ್ಬಿನಾಮ್ಲದಲ್ಲಿ ಲಿನೋಲಿಕ್ 15 ಶೇಕಡಾ ದಾಟಿತೆಂದರೆ ಕೊಬ್ಬು ಮೆತ್ತಗೆ, ಗಾಳಿ ತಾಗಿದರೆ ಬೇಗ ಕಮಟುತ್ತದೆ. ಡ್ಯೂರಾಕ್ ತಳಿಯದು ಬೇರೆಯೇ ಗುಣ, ಅದರ ಕೊಬ್ಬು ಮಾಂಸದ ಎಳೆಗಳ ನಡುವೆ ಕೂರುತ್ತದೆ. ಹುರಿಯಲು ಸೊಗಸು, ಆದರೆ ಚೋರಿಸ್‌ಗೆ ಬೇಕಾದ ಗಟ್ಟಿ ಬೆನ್ನುಗೊಬ್ಬಿನ ಬದಲಿಗೆ ಆಗುವುದಿಲ್ಲ.

ತಳಿಯೊಂದನ್ನೇ ನಂಬಿಯೂ ಕೂರಬೇಡಿ. ಗೋವಾದ ಅಗೋಂದಾ ಗೋವನ್ ಮಾನ್ಯತೆ ಪಡೆದ ಊರ ಹಂದಿ ತಳಿ. ಅಂಥ ಹಂದಿಗೂ ಹೋಟೆಲಿನ ಕರಿದ ಎಣ್ಣೆಯ ಎಂಜಲೋ ಎಣ್ಣೆ ತೆಗೆಯದ ತೌಡೋ ಹಾಕಿ ಬೆಳೆಸಿದರೆ ಕೊಬ್ಬು ಎಣ್ಣೆಯಾಗಿಯೇ ಬರುತ್ತದೆ. ತೆಂಗಿನ ಹಿಂಡಿ ತಿಂದದ್ದರ ಕೊಬ್ಬು ಗಟ್ಟಿ. ಹಾಗಾಗಿ ಕೊನೆಯ ಎರಡು ತಿಂಗಳು ಏನು ತಿನ್ನಿಸಿದರು ಎಂದು ಕೇಳಲೇಬೇಕು.

ಮುಂಗಡ ಕೊಡುವ ಮೊದಲು ಚರ್ಮ ಸಮೇತ ಅರ್ಧ ಕಿಲೊ ಬೆನ್ನಿನ ತುಂಡು ತನ್ನಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು (ಫ್ರೀಜರಿನಲ್ಲಲ್ಲ, ಅಲ್ಲಿ ಎಂಥ ಕೊಬ್ಬೂ ಗಟ್ಟಿಯಾಗುತ್ತದೆ) ಬೆಳಿಗ್ಗೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಬ್ಬು ಸೀಳಿ, ಒಂದು ತುದಿ ಹಿಡಿದು ಅಡ್ಡಕ್ಕೆ ಚಾಚಿ. ನೆಟ್ಟಗೆ ನಿಂತರೆ ಚೋರಿಸ್‌ಗೆ ಆಗುತ್ತದೆ. ಜೋತುಬಿದ್ದರೆ, ಬೆರಳೊತ್ತಿದ ಗುಳಿ ಹಾಗೇ ಉಳಿದರೆ ಬೇಡ. ಮಾಂಸ 70, ಕೊಬ್ಬು 30 ಎಂಬ ಅಳತೆ ಗಟ್ಟಿ ಕೊಬ್ಬಿಗೆ ಮಾತ್ರ. ಮೂತ್ರಪಿಂಡದ ಸುತ್ತಲಿನ ಕೊಬ್ಬು ಇನ್ನೂ ಗಟ್ಟಿಯಿದ್ದರೂ ಪುಡಿಪುಡಿಯಾಗುತ್ತದೆ, ಅದನ್ನು ಕರಗಿಸಿಟ್ಟುಕೊಳ್ಳಿ.

ಬೀದಿಯಲ್ಲಿ ತಿರುಗುವ ಹಂದಿಯನ್ನೂ ‘ಊರದು’ ಎಂದೇ ಮಾರುವವರಿದ್ದಾರೆ. ಮಾಂಸದ ನಡುವೆ ಅಕ್ಕಿಕಾಳಿನಂಥ ಬಿಳಿ ನೀರುಗುಳ್ಳೆ ಕಂಡರೆ ಅದು ಲಾಡಿಹುಳುವಿನ ಮರಿ. ಬಿಸಿಲು, ವಿನೆಗರ್‌ಗೆ ಸಾಯುತ್ತದೆಂದು ಯಾರು ಹೇಳಿದರೂ ಕೊಳ್ಳಬೇಡಿ.

ಮೆತ್ತನೆ ಕೊಬ್ಬಿನ ಮಾಂಸ ಈಗಾಗಲೇ ಮನೆಗೆ ಬಂದಿದ್ದರೆ ಸರ ಕಟ್ಟಬೇಡಿ. ಒಂದೆರಡು ದಿನದೊಳಗೆ ಪಂದಿ ಕರಿಯನ್ನೋ ವಿಂದಾಲೂವನ್ನೋ ಮಾಡಿ, ಮೇಲೆ ತೇಲಿದ ಎಣ್ಣೆ ತೆಗೆದು ತಿಂದು ಮುಗಿಸಿ.