ಮಂಗಳೂರಿನ ಗಲ್ಫ್ ನೇಮಕಾತಿ ಏಜೆನ್ಸಿಯೊಂದರ ಸೇವೆ: ಕೊಟ್ಟ ಹಣ, ಓದಿಸದೆ ಬಿಟ್ಟ ಕಾಗದ

ನನ್ನ ಅಕ್ಕನ ಮಗ ಕುಂದಾಪುರದ ಎಸಿ ರಿಪೇರಿ ಅಂಗಡಿಯೊಂದರಲ್ಲಿ ಆರು ವರ್ಷ ದುಡಿದು, ಕಳೆದ ವರ್ಷ ಅದೇ ಕೆಲಸಕ್ಕೆಂದು ದುಬೈಗೆ ಹೋದ. ಕಾಗದಪತ್ರಗಳನ್ನೆಲ್ಲ ಮಾಡಿಸಿಕೊಟ್ಟದ್ದು ಮಂಗಳೂರಿನ ಒಂದು ನೇಮಕಾತಿ ಏಜೆನ್ಸಿ. ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದಗಳನ್ನೇ ಓದಿದವನೆಂಬ ಕಾರಣಕ್ಕೆ ಅಕ್ಕ ಪ್ರತಿ ಸಲವೂ ನನ್ನನ್ನು ಅವನ ಜೊತೆ ಕಳುಹಿಸಿದಳು. ಹಾಗಾಗಿ ಆ ಕಚೇರಿಯಲ್ಲಿ ಒಟ್ಟು ಐದು ಸಲ ಕೂತು ಎದ್ದು ಬಂದಿದ್ದೇನೆ. ಏಜೆನ್ಸಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕರಾವಳಿಯಿಂದ ಗಲ್ಫಿಗೆ ಹೋಗುವವರು ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಎದುರಾಗುವ ಪ್ರಶ್ನೆಗಳು ಇವೇ ಆದ್ದರಿಂದ, ಸೇವೆಯ ಒಳ್ಳೆಯದು ಕೆಟ್ಟದ್ದನ್ನು ಮಾತ್ರ ಹೇಳುತ್ತೇನೆ.

ಮೊದಲಿಗೆ ಮೆಚ್ಚಿಕೆಯ ಮಾತು. ಗೋಡೆಯ ಮೇಲೆ ಪರವಾನಗಿ ಪತ್ರವನ್ನು ಕಾಣುವಂತೆ ತೂಗುಹಾಕಿದ್ದರು, ಸಂಖ್ಯೆಯನ್ನು ಕೇಳಿದಾಗ ಮುಖ ಗಂಟಿಕ್ಕದೆ ಬರೆದುಕೊಟ್ಟರು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹಾಕಿ ನೋಡಿದೆ, ಪರವಾನಗಿ ಚಾಲ್ತಿಯಲ್ಲಿತ್ತು. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲವಾದ್ದರಿಂದ ಅವನದು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ಪಾಸ್‌ಪೋರ್ಟ್. ಅಂಥ ಪಾಸ್‌ಪೋರ್ಟ್ ಇರುವವರು ಯುಎಇ, ಸೌದಿ, ಕತಾರ್, ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ 1983ರ ವಲಸೆ ಕಾಯ್ದೆಯಂತೆ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಎಂಬ ಸರ್ಕಾರಿ ಅಧಿಕಾರಿಯ ಅನುಮತಿ ಪಡೆಯಲೇಬೇಕು. ಈ ಅರ್ಜಿಯನ್ನು ಏಜೆನ್ಸಿಯವರು ಒಂದೂ ತಪ್ಪಿಲ್ಲದೆ ತುಂಬಿದರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಆಧಾರ್‌ಗಿಂತ ಬೇರೆಯಿದ್ದುದನ್ನು ಕಂಡುಹಿಡಿದದ್ದೂ ಅಲ್ಲಿನ ಗುಮಾಸ್ತೆಯೇ. ಇನ್ನೊಂದು ಉಪಕಾರವನ್ನೂ ನೆನೆಯಬೇಕು: ಅಲ್ಲಿ ಇಳಿದ ಮೇಲೆ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತದ ಜೊತೆ ಎದೆಯ ಎಕ್ಸ್-ರೇ ಕೂಡ ತೆಗೆಯುತ್ತಾರೆ, ಕ್ಷಯದ ಗುರುತು ಕಂಡರೆ ವೀಸಾ ಕೈತಪ್ಪುತ್ತದೆ, ಹಾಗಾಗಿ ಇಲ್ಲೇ ಒಮ್ಮೆ ತೆಗೆಸಿ ನೋಡಿಕೊಳ್ಳಿ ಎಂದು ಅವರಾಗಿಯೇ ಹೇಳಿದರು.

ನಮ್ಮ ಕಡೆ ವೀಸಾ ಎಂದರೆ ಮೂರು ಬಗೆ: ಕಂಪನಿ ವೀಸಾ, ವಿಸಿಟ್ ವೀಸಾ, ಮತ್ತು ಆ ‘ಫ್ರೀ ವೀಸಾ’. ಫ್ರೀ ವೀಸಾ ಎಂಬುದು ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲ. ಯಾರದೋ ಹೆಸರಿನ ಕಂಪನಿಯಿಂದ ಪರ್ಮಿಟ್ ಕೊಂಡು, ಬೇರೆಲ್ಲೋ ಕೆಲಸ ಹುಡುಕಿಕೊಳ್ಳುವ ಏರ್ಪಾಡಿಗೆ ನಮ್ಮವರು ಇಟ್ಟ ಮುದ್ದಿನ ಹೆಸರು ಅದು. ವಿಸಿಟ್‌ನಲ್ಲಿ ಹೋಗಿ ಕೆಲಸ ಹುಡುಕುವ ಇಸಿಆರ್ ಹುಡುಗರಿಗೆ ಇಲ್ಲಿನ ಅನುಮತಿಯ ರಕ್ಷಣೆಯೂ ಇಲ್ಲ, ಅಲ್ಲಿನ ಕಾನೂನಿನ ರಕ್ಷಣೆಯೂ ಇಲ್ಲ. ಈ ಎರಡನ್ನೂ ಏಜೆನ್ಸಿಯವರು ನಮಗೆ ತೋರಿಸಲೇ ಇಲ್ಲ, ಮೊದಲ ದಿನದಿಂದ ಕಂಪನಿ ವೀಸಾದ ಮಾತನ್ನೇ ಆಡಿದರು ಎಂಬುದು ಅವರ ಪರವಾಗಿ ಹೇಳಬೇಕಾದ ದೊಡ್ಡ ಸಂಗತಿ.

ಆದರೆ ಕಂಪನಿ ವೀಸಾ ಎಂದರೇನೆಂದು ಅವರು ವಿವರಿಸಲಿಲ್ಲ, ನನ್ನ ದೂರು ಆರಂಭವಾಗುವುದು ಅಲ್ಲಿಂದ. ಯುಎಇಯಲ್ಲಿ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕುವುದು ಕಂಪನಿ. ಅಲ್ಲಿನ ಮಾನವ ಸಂಪನ್ಮೂಲ ಮತ್ತು ಎಮಿರಟೈಸೇಶನ್ ಸಚಿವಾಲಯದ ನಮೂನೆಯಲ್ಲಿ ಆಫರ್ ಲೆಟರ್ ತಯಾರಾಗಿ, ನೌಕರ ಅದಕ್ಕೆ ಸಹಿ ಹಾಕಿದ ಮೇಲೆ ಕಂಪನಿ ಅದನ್ನು ಸಲ್ಲಿಸುತ್ತದೆ. ಒಪ್ಪಿಗೆ ಸಿಕ್ಕರೆ ಕಂಪನಿಯೇ ಶುಲ್ಕ ಕಟ್ಟಿ ಪ್ರವೇಶ ಪರವಾನಗಿ ತರಿಸುತ್ತದೆ. ವಿಮಾನ ಇಳಿದ ನಂತರ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಎಮಿರೇಟ್ಸ್ ಐಡಿ ಎಂಬ ಅಲ್ಲಿನ ಗುರುತಿನ ಚೀಟಿ ಎಲ್ಲವೂ ಅದೇ ಕಂಪನಿಯ ಹೆಸರಿನಡಿ ಸಾಗುತ್ತವೆ. ಪರ್ಮಿಟ್ ಆ ಕಂಪನಿಗೆ, ಆ ಹುದ್ದೆಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಅಂಟಿಕೊಂಡಿರುತ್ತದೆ. ಪಕ್ಕದ ಕಟ್ಟಡದ ಇನ್ನೊಂದು ಕಂಪನಿಗೆ ಹೋಗಿ ದುಡಿಯಬೇಕಾದರೆ ಅವರು ಬೇರೆಯೇ ಪರ್ಮಿಟ್ ಮಾಡಿಸಬೇಕು. ಪರ್ಮಿಟ್ ಇಲ್ಲದವರನ್ನು ಇಟ್ಟುಕೊಂಡ ಕಂಪನಿಗೆ 2024ರ ತಿದ್ದುಪಡಿಯಂತೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡವಿದೆ. ಇಷ್ಟೆಲ್ಲ ಒಬ್ಬ ಯಜಮಾನನ ಹೆಸರಿಗೇ ಜೋತುಬಿದ್ದಿರುವಾಗ ಆ ಯಜಮಾನ ಯಾರು ಎಂಬುದಲ್ಲವೇ ಮೊದಲ ಪ್ರಶ್ನೆ?

ಸಂದರ್ಶನ ನಡೆದದ್ದು ಮಂಗಳೂರಿನ ಹೋಟೆಲೊಂದರ ಸಭಾಂಗಣದಲ್ಲಿ. ದುಬೈಯ ದೊಡ್ಡ ಕಟ್ಟಡಗಳ ನಿರ್ವಹಣೆ ಮಾಡುವ ಕಂಪನಿಯ ಬ್ಯಾನರು, ಮಾಲ್‌ಗಳ ಫೋಟೋ, ಟೈ ಕಟ್ಟಿದ ಇಬ್ಬರು. ಮೂರು ವಾರದ ನಂತರ ಬಂದ ಆಫರ್ ಲೆಟರಿನಲ್ಲಿ ಮಾಲೀಕನ ಜಾಗದಲ್ಲಿ ಇದ್ದದ್ದು ಬೇರೆಯೇ ಹೆಸರು. ಕೇಳಿದಾಗ ಮ್ಯಾನೇಜರು, ‘ಅದೇ ಗ್ರೂಪಿನವರು ಮಾರಾಯ್ರೆ’ ಎಂದರು. ಗ್ರೂಪಿನವರಾಗಿರಲಿಲ್ಲ. ಅದು ಬೇರೆ ಕಂಪನಿಗಳಿಗೆ ಆಳುಗಳನ್ನು ಒದಗಿಸುವ, ನಮ್ಮವರು ‘ಸಪ್ಲೈ ಕಂಪನಿ’ ಎನ್ನುವ ಸಂಸ್ಥೆ. ಅಲ್ಲಿನ ಸಚಿವಾಲಯದ ಪರವಾನಗಿ ಇದ್ದರೆ ಸಪ್ಲೈ ಕಂಪನಿ ಕಾನೂನುಬದ್ಧವೇ, ಮತ್ತು ಇದಕ್ಕೆ ಪರವಾನಗಿ ಇತ್ತು. ಆದರೂ ವ್ಯತ್ಯಾಸವಿದೆ: ಇಂದು ಮಾಲ್‌ನಲ್ಲಿ, ಮುಂದಿನ ತಿಂಗಳು ಜಬಲ್ ಅಲಿಯ ಗೋದಾಮಿನಲ್ಲಿ, ರೂಮು ಮಾತ್ರ ನಮ್ಮವರು ಸೋನಾಪುರ ಎಂದು ಕರೆಯುವ ಮುಹೈಸ್ನಾದಲ್ಲಿ. ಹುಡುಗ ಒಪ್ಪಿಕೊಂಡ, ಆದರೆ ಗೊತ್ತಿದ್ದು ಒಪ್ಪಿಕೊಂಡ. ಅದನ್ನು ಗೊತ್ತು ಮಾಡಿಸುವ ಕೆಲಸ ಹಣ ತೆಗೆದುಕೊಂಡವರದಾಗಿತ್ತು.

ಆಫರ್ ಲೆಟರನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಯುಎಇ 2016ರಿಂದ ಈ ಪ್ರಮಾಣಿತ ಪತ್ರವನ್ನು ಕಡ್ಡಾಯ ಮಾಡಿದೆ. ನೌಕರ ಸಹಿ ಮಾಡಿದ ಷರತ್ತುಗಳನ್ನು ಅಲ್ಲಿ ಹೋದ ಮೇಲೆ ಅವನಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಅರಬ್ಬಿ, ಇಂಗ್ಲಿಷ್ ಜೊತೆಗೆ ನೌಕರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಪತ್ರ ಇರಬೇಕೆಂಬುದು ನಿಯಮ. ಹಿಂದಿ, ಉರ್ದು, ಬಂಗಾಳಿ, ಮಲಯಾಳ, ತಮಿಳು, ನೇಪಾಳಿ, ಸಿಂಹಳ ಹೀಗೆ ಅರಬ್ಬಿ, ಇಂಗ್ಲಿಷ್ ಸೇರಿ ಒಟ್ಟು 11 ಭಾಷೆಗಳ ಪಟ್ಟಿಯಿದೆ; ಕನ್ನಡ ಅದರಲ್ಲಿಲ್ಲ. ಹುಡುಗನಿಗೆ ಬಂದದ್ದು ಹಿಂದಿಯ ಪ್ರತಿ. ಸಿನಿಮಾದ ಹಿಂದಿ ಅರ್ಥವಾಗುವುದು ಬೇರೆ, ಕರಾರುಪತ್ರದ ಹಿಂದಿ ಅರ್ಥವಾಗುವುದು ಬೇರೆ. ಇದು ಏಜೆನ್ಸಿಯ ತಪ್ಪೆಂದು ಹೇಳಲಾರೆ, ಆದರೆ ಭಟ್ಕಳದಿಂದ ಉಳ್ಳಾಲದವರೆಗಿನ ಹುಡುಗರನ್ನೇ ನಂಬಿ ನಡೆಯುವ ಕಚೇರಿಯಲ್ಲಿ ಆ ನಾಲ್ಕು ಪುಟವನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬರು ಇರಬೇಕಿತ್ತು. ಗುಮಾಸ್ತೆ ಪೆನ್ನು ಮುಂದೆ ಮಾಡಿ, ‘ಎಲ್ಲರದ್ದೂ ಇದೇ ಫಾರ್ಮೆಟ್, ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಸಹಿ’ ಎಂದರು.

ನಾನು ಕನ್ನಡಕ ಹಾಕಿಕೊಂಡು ಸಂಬಳದ ಸಾಲಿಗೆ ಬಂದೆ. ಹೋಟೆಲಿನಲ್ಲಿ ಹೇಳಿದ 1,800 ದಿರ್ಹಂ ಅಲ್ಲಿತ್ತು, ಸರಿ. ಅದನ್ನು ಒಡೆದದ್ದು ಹೇಗೆಂದರೆ ಮೂಲ ವೇತನ 900, ಇತರ ಭತ್ಯೆ 900. ಕೈಗೆ ಬರುವುದು ಒಂದೇ ಅಲ್ಲವೇ ಎಂದು ಹುಡುಗನೂ ಕೇಳಿದ. ಒಂದೇ ಅಲ್ಲ. ಅಲ್ಲಿ ಓವರ್‌ಟೈಮ್ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ, ಗಂಟೆಯ ದರಕ್ಕೆ ಶೇಕಡಾ 25 ಸೇರಿಸಿ. 900ನ್ನು ಮೂವತ್ತು ದಿನಕ್ಕೆ, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 3.75 ದಿರ್ಹಂ, ಓವರ್‌ಟೈಮಿಗೆ ಸುಮಾರು 4.69. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚುಯಿಟಿಯೂ ಮೂಲ ವೇತನದ ಮೇಲೆಯೇ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನದಂತೆ. ಬೇಸಿಗೆಯಲ್ಲಿ ಎಸಿ ಕೆಲಸದವನಿಗೆ ದಿನಕ್ಕೆ ಎರಡು ಗಂಟೆ ಹೆಚ್ಚುವರಿ ಕೆಲಸ ಖಚಿತವೆಂದು ಅವನ ಸ್ನೇಹಿತರೇ ಹೇಳಿದ್ದರು. ನಾವು ಅಂದು ಸಹಿ ಹಾಕದೆ ಎದ್ದು ಬಂದೆವು. ಎರಡು ವಾರದ ಫೋನು ಮಾತುಕತೆಯ ನಂತರ ಮೂಲ ವೇತನ 1,200, ಭತ್ಯೆ 600 ಎಂದು ತಿದ್ದಿದ ಪತ್ರ ಬಂತು. ಓವರ್‌ಟೈಮಿನ ಗಂಟೆ 6.25ಕ್ಕೆ ಏರಿತು, ಎರಡು ವರ್ಷದ ಗ್ರಾಚುಯಿಟಿ 1,260 ಇದ್ದದ್ದು 1,680 ಆಯಿತು. ಈ ತಿದ್ದುಪಡಿಯನ್ನು ಮಾಡಿಸಿಕೊಟ್ಟದ್ದು ಏಜೆನ್ಸಿಯೇ, ಅದನ್ನು ಒಪ್ಪಲೇಬೇಕು. ಬಾಯಿಬಿಟ್ಟು ಕೇಳುವವರೆಗೆ ಮಾಡಲಿಲ್ಲ ಎಂಬುದನ್ನೂ.

ಇನ್ನು ಹಣದ ವಿಷಯ. ಒಟ್ಟು 95,000 ರೂಪಾಯಿ ಕೊಟ್ಟೆವು. ರಸೀದಿ ಕೊಟ್ಟದ್ದು 35,400ಕ್ಕೆ. ಈ ಸಂಖ್ಯೆ ಆಕಸ್ಮಿಕವಲ್ಲ: ಪರವಾನಗಿ ಪಡೆದ ಏಜೆಂಟರು ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿದರೆ ಸರಿಯಾಗಿ ಇಷ್ಟೇ. ಉಳಿದದ್ದರಲ್ಲಿ 13,100 ವಿಮಾನದ ಟಿಕೆಟಿಗೆ, 1,500 ವಿಮೆಗೆ, 45,000 ‘ವೀಸಾ ಖರ್ಚಿಗೆ’ ಎಂದು ಒಂದು ಸಣ್ಣ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. ಚೀಟಿಯನ್ನು ಮೇಜಿನ ಆಚೆಗೇ ಇಟ್ಟುಕೊಂಡರು. ವಿಮೆ ಎಂದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ, ಇಸಿಆರ್ ವರ್ಗದವರಿಗೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ ಹತ್ತು ಲಕ್ಷದ ರಕ್ಷಣೆ, ಒಳ್ಳೆಯ ಯೋಜನೆ. ಎರಡು ವರ್ಷಕ್ಕೆ ಅದರ ಪ್ರೀಮಿಯಂ 275 ರೂಪಾಯಿ ಮತ್ತು ತೆರಿಗೆ. ಪಾಲಿಸಿಯ ಹಾಳೆಯನ್ನು ನಾನು ಮನೆಗೆ ಬಂದು ನೋಡಿದಾಗಲೇ ಇದು ಕಂಡದ್ದು, ಅಲ್ಲೇ ನೋಡಬೇಕಿತ್ತು.

ವೀಸಾ ಖರ್ಚಿನದು ಇನ್ನೂ ದೊಡ್ಡ ಮಾತು. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇಯ ಕಾರ್ಮಿಕ ಕಾನೂನು, ನೇಮಕಾತಿಯ ವೆಚ್ಚವನ್ನು ಮಾಲೀಕ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ನೌಕರನಿಂದ ವಸೂಲು ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಪರ್ಮಿಟ್ ಬೇಕಾದದ್ದು ಕಂಪನಿಗೆ, ಅರ್ಜಿ ಹಾಕಿದ್ದು ಕಂಪನಿ, ಶುಲ್ಕವೂ ಕಂಪನಿಯದೇ. ಹಾಗಾದರೆ ಆ 45,000 ಯಾರ ಜೇಬಿಗೆ? ಅಕ್ಕ ಸಂಘದಲ್ಲಿ ಸಾಲ ತೆಗೆದದ್ದು ಈ ಮೊತ್ತಕ್ಕೇ. ಆಗ ನಾನು ಮ್ಯಾನೇಜರ ಜೊತೆ ವಾದಕ್ಕಿಳಿಯಲಿಲ್ಲ, ಯಾಕೆಂದರೆ ಪ್ರವೇಶ ಪರವಾನಗಿ ಆಗಲೇ ಬಂದಿತ್ತು. ಅದು ಬಂದ 60 ದಿನದೊಳಗೆ ಆ ದೇಶಕ್ಕೆ ಕಾಲಿಡಬೇಕು. ಹಣ ಕೇಳುವ ಹೊತ್ತನ್ನು ಅವರು ಚೆನ್ನಾಗಿಯೇ ಆರಿಸಿಕೊಂಡಿದ್ದರು.

ಹೊರಡುವ ವಾರದಲ್ಲಿ ಇನ್ನೊಂದು ಕಾಗದ ಹೊರಬಂತು: ಆರು ತಿಂಗಳೊಳಗೆ ಕೆಲಸ ಬಿಟ್ಟರೆ 2,000 ದಿರ್ಹಂ ಕಟ್ಟುವುದಾಗಿಯೂ, ಪಾಸ್‌ಪೋರ್ಟನ್ನು ಕಂಪನಿಯಲ್ಲಿ ‘ಸುರಕ್ಷಿತವಾಗಿ’ ಇಡಲು ಸಮ್ಮತಿಯಿದೆಯೆಂದೂ ಹುಡುಗನಿಂದ ಮುಚ್ಚಳಿಕೆ. ಪ್ರೊಬೇಷನ್, ಅಂದರೆ ಕೆಲಸದ ಪರೀಕ್ಷಾ ಅವಧಿ, ಆರು ತಿಂಗಳು ಮೀರಬಾರದು ಎಂಬುದು ನಿಜ. ಆ ಅವಧಿಯಲ್ಲಿ ಅದೇ ದೇಶದ ಬೇರೆ ಕಂಪನಿಗೆ ಹೋಗುವವನು ಒಂದು ತಿಂಗಳ ನೋಟಿಸ್ ಕೊಡಬೇಕು, ಮೊದಲ ಕಂಪನಿಯ ನೇಮಕಾತಿ ವೆಚ್ಚವನ್ನು ಭರಿಸಬೇಕಾದದ್ದು ಹೊಸ ಕಂಪನಿ. ದೇಶ ಬಿಟ್ಟೇ ಬರುವವನು 14 ದಿನದ ನೋಟಿಸ್ ಕೊಟ್ಟರಾಯಿತು. ನೌಕರನ ಪಾಸ್‌ಪೋರ್ಟನ್ನು ಮಾಲೀಕ ಹಿಡಿದಿಟ್ಟುಕೊಳ್ಳುವುದನ್ನು ಅದೇ ಕಾನೂನು ನಿಷೇಧಿಸಿದೆ. ಬಹ್ರೇನಿನಲ್ಲಿ ಹನ್ನೊಂದು ವರ್ಷ ಇದ್ದ ನಮ್ಮ ಭಾವನ ಪಾಸ್‌ಪೋರ್ಟ್ ಅಷ್ಟೂ ವರ್ಷ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ, ಕಪಾಟಿನಲ್ಲಿತ್ತು, ತಂದೆ ತೀರಿಕೊಂಡಾಗ ಅದು ಕೈಗೆ ಬರಲು ಐದು ದಿನ ಹಿಡಿದಿತ್ತು. ಆ ನೆನಪು ಮನೆಯಲ್ಲಿ ಇನ್ನೂ ಹಸಿಯಾಗಿದ್ದುದರಿಂದ ಮುಚ್ಚಳಿಕೆಗೆ ಸಹಿ ಹಾಕುವುದಿಲ್ಲವೆಂದು ಅಕ್ಕನೇ ಫೋನಿನಲ್ಲಿ ಹೇಳಿದಳು. ಅವರು ಒತ್ತಾಯಿಸಲೂ ಇಲ್ಲ, ಕಾಗದವನ್ನು ಡ್ರಾಯರಿಗೆ ಹಾಕಿಕೊಂಡರು. ಒಂದು ಮಾತಿಗೇ ಡ್ರಾಯರು ಸೇರುವ ಕಾಗದವನ್ನು ಮೊದಲಿಗೆ ಹೊರತೆಗೆದದ್ದಾದರೂ ಏತಕ್ಕೆ!

ಅಲ್ಲಿ ಇಳಿದ ಮೇಲಿನ ಸೇವೆ ಏಜೆನ್ಸಿಯ ಕೈಯಲ್ಲಿ ಇರಲಿಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಕಂಪನಿಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ವಿಮಾನ ನಿಲ್ದಾಣಕ್ಕೆ ಬಂದಿದ್ದ, ಮೂರು ವಾರದಲ್ಲಿ ಎಮಿರೇಟ್ಸ್ ಐಡಿ ಕೈಸೇರಿತು. ಈಗ ಪಾಸ್‌ಪೋರ್ಟಿಗೆ ವೀಸಾದ ಸ್ಟಿಕ್ಕರ್ ಅಂಟಿಸುವುದಿಲ್ಲ, ಐಡಿಯೇ ವಾಸದ ದಾಖಲೆ. ಸಂಬಳ ಸರ್ಕಾರದ ವೇತನ ಪಾವತಿ ವ್ಯವಸ್ಥೆಯ ಮೂಲಕ ಖಾತೆಗೆ ಬರುತ್ತಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ತಾರಸಿಯ ಮೇಲಿನ ಯಂತ್ರ ರಿಪೇರಿಯವರಿಗೂ ಅನ್ವಯಿಸುತ್ತದೆ, ಮತ್ತು ಅವನ ಮೇಲ್ವಿಚಾರಕ ಅದನ್ನು ಪಾಲಿಸುತ್ತಾನಂತೆ.

ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಎರಡು ಅಂಕ ಅರ್ಜಿ ತುಂಬಿದ ಅಚ್ಚುಕಟ್ಟುತನಕ್ಕೆ ಮತ್ತು ವಿಸಿಟ್ ವೀಸಾದ ದಾರಿ ತೋರಿಸದ ಪ್ರಾಮಾಣಿಕತೆಗೆ. ಅರ್ಧ ಅಂಕ ಆಫರ್ ಲೆಟರ್ ತಿದ್ದಿಸಿದ್ದಕ್ಕೆ. ವೀಸಾ ಖರ್ಚಿನ ಬಗ್ಗೆ, ಹುಡುಗ ಅಲ್ಲಿ ನೆಲೆಯಾದ ಮೇಲೆ, ಎರಡೂ ದೇಶಗಳ ನಿಯಮವನ್ನು ಉಲ್ಲೇಖಿಸಿ ಏಜೆನ್ಸಿಗೆ ರಿಜಿಸ್ಟರ್ಡ್ ಪತ್ರ ಬರೆದೆ, ಇ-ಮೈಗ್ರೇಟ್‌ನಲ್ಲಿ ದೂರು ದಾಖಲಿಸುವ ಅವಕಾಶವಿದೆ ಎಂಬ ಒಂದು ಸಾಲನ್ನೂ ಸೇರಿಸಿದ್ದೆ. ಹನ್ನೆರಡನೆಯ ದಿನ ಮ್ಯಾನೇಜರು ಫೋನು ಮಾಡಿ ಕಚೇರಿಗೆ ಕರೆಸಿಕೊಂಡು, ಲಕೋಟೆಯಲ್ಲಿ 20,000 ರೂಪಾಯಿ ಕೊಟ್ಟರು. ಉಳಿದ 25,000ಕ್ಕೆ ‘ನೋಡುವ’ ಎಂದಿದ್ದಾರೆ. ಲಕೋಟೆಯ ಜೊತೆ ಒಂದು ಚೀಟಿಯಿರಲಿ ಎಂದು ಕೇಳಿದೆ, ಪೆನ್ಸಿಲು ಸಿಗಲಿಲ್ಲವಂತೆ.