ಪೈಗೆ ಪುಟ್ಟ ಬಣ್ಣದ ಪರದೆ: ಎಸ್‌ಪಿಐ ಬೇಕೋ, ಡಿಎಸ್‌ಐ ಬೇಕೋ?

ಕಲಬುರಗಿಯ ತೊಗರಿ ಗೋದಾಮಿನಲ್ಲಿ ತಾಪ, ತೇವಾಂಶ ತೋರಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಪರದೆ ಜೋಡಿಸುವುದಾದರೆ 2.8 ಇಂಚಿನ ಐಎಲ್‌ಐ9341 ಚಿಪ್ಪಿನ ಎಸ್‌ಪಿಐ (ಕೆಲವೇ ತಂತಿಗಳಲ್ಲಿ ಒಂದೊಂದೇ ಬಿಟ್ ಸಾಗಿಸುವ ಜೋಡಣೆ) ಪರದೆಯೇ ಸಾಕು. ವಿಡಿಯೊ ಓಡಬೇಕೆಂದರೆ ಮಾತ್ರ ಡಿಎಸ್‌ಐ (ಪರದೆಗೆಂದೇ ಇರುವ ರಿಬ್ಬನ್ ಜೋಡಣೆ) ಕಡೆ ನೋಡಿ. ಕಾರಣ ಲೆಕ್ಕದಲ್ಲೇ ಇದೆ: 320×240 ಚುಕ್ಕಿ, ತಲಾ 16 ಬಿಟ್, ಅಂದರೆ ಒಂದು ಫ್ರೇಮಿಗೆ 1,53,600 ಬೈಟ್. ಎಸ್‌ಪಿಐ 32 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಸೆಕೆಂಡಿಗೆ ಹೆಚ್ಚೆಂದರೆ 26 ಫ್ರೇಮ್. ಅಂಕಿ ಬದಲಾಗಲು ಅದು ಧಾರಾಳ.

ಡಿಎಸ್‌ಐನ ಸುಖ ಜೋಡಣೆಯಲ್ಲಿದೆ. ಅಧಿಕೃತ 7 ಇಂಚಿನ 800×480 ಪರದೆಗೆ ಒಂದು ರಿಬ್ಬನ್, ವಿದ್ಯುತ್ತಿಗೆ ಎರಡು ತಂತಿ, ಅಷ್ಟೇ. ಪೈ 5 ಆದರೆ 22ರಿಂದ 15 ಪಿನ್ನಿಗೆ ಇಳಿಯುವ ಕೇಬಲ್ ಬೇರೆ ಕೊಳ್ಳಬೇಕು.

ಎಸ್‌ಪಿಐ ತಾಳ್ಮೆ ಕೇಳುತ್ತದೆ. ವಿದ್ಯುತ್ 3.3 ವೋಲ್ಟ್ ಪಿನ್ 17ರಿಂದ, ಗ್ರೌಂಡ್ 20, ಎಂಒಎಸ್‌ಐ (ದತ್ತಾಂಶದ ತಂತಿ) 19, ಕ್ಲಾಕ್ 23, ಸಿಎಸ್ (ಪರದೆಯನ್ನು ಆರಿಸುವ ತಂತಿ) 24, ಡಿಸಿ (ಬಂದದ್ದು ಆದೇಶವೋ ದತ್ತಾಂಶವೋ ಎಂದು ತಿಳಿಸುವ ತಂತಿ) 22, ರೀಸೆಟ್ 18. ಕಾನ್ಫಿಗ್ ಫೈಲಿನಲ್ಲಿ ಮಾತ್ರ ಈ ಪಿನ್ ಸಂಖ್ಯೆಯಲ್ಲ, ಜಿಪಿಐಒ ಸಂಖ್ಯೆ (ಅದೇ ಪಿನ್ನಿಗೆ ಚಿಪ್ ಕೊಡುವ ಸಂಖ್ಯೆ) ಬರೆಯಬೇಕು: ಡಿಸಿಗೆ 25, ರೀಸೆಟ್‌ಗೆ 24. ಇಲ್ಲೇ ಬಹಳ ಜನ ಎಡವುತ್ತಾರೆ. ಪರದೆ ಬರೀ ಬೆಳ್ಳಗಿದ್ದರೆ ಬ್ಯಾಕ್‌ಲೈಟ್ ಸರಿಯಿದೆ, ಆದೇಶ ತಲುಪಿಲ್ಲ. ಮೊದಲು ಡಿಸಿ, ರೀಸೆಟ್, ಆಮೇಲೆ ಎಸ್‌ಪಿಐ ಆನ್ ಆಗಿದೆಯೇ ನೋಡಿ. ಕೆಂಪು, ನೀಲಿ ಅದಲುಬದಲಾದರೆ ಬಿಜಿಆರ್ (ಬಣ್ಣಗಳ ಕ್ರಮ) ಆಯ್ಕೆ ಬದಲಿಸಿ. ಚಿತ್ರ ಕದಡಿದರೆ ತಂತಿ ಗಿಡ್ಡ ಮಾಡಿ, ಇಲ್ಲವೇ ವೇಗ 16 ಮೆಗಾಹರ್ಟ್ಸ್‌ಗೆ ಇಳಿಸಿ.

ಯಾವುದನ್ನೇ ಕೊಂಡರೂ ನಮ್ಮ ಮೇ ತಿಂಗಳ ಬಿಸಿಲಲ್ಲಿ ಮುಚ್ಚಿದ ಪೆಟ್ಟಿಗೆ ಬೇಡ. ಪೈ 4ರ ಚಿಪ್ 80 ಡಿಗ್ರಿ ದಾಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ. ಮೇಲೆ, ಕೆಳಗೆ ಗಾಳಿಕಿಂಡಿ ಬಿಟ್ಟು ತೊಗರಿ ಧೂಳಿಗೆ ಸಣ್ಣ ಜಾಲರಿ ಹಾಕಿ.